ರೆಕ್ಕೆಯ ತುದಿ ಯಾವ ಕಡೆ

ನೊಣಕ್ಕೆ ಬಸ್ಸಿನಲ್ಲಿ ಟಿಕೆಟ್ ತೆಗೆಸಬೇಕೋ ಬೇಡವೋ ಎಂಬ ಜಗಳವನ್ನು ನಾನು ಜನ್ಮದಲ್ಲಿ ಒಮ್ಮೆ ಮಾತ್ರ ಕೇಳಿದ್ದೇನೆ. ಕೇಳಿದ್ದು ಕಿತ್ತೂರಿನ ಬಸ್ ನಿಲ್ದಾಣದಲ್ಲಿ. ಸವದತ್ತಿಗೆ ಹೊರಟ ಬಸ್ಸಿನಲ್ಲಿ ಒಬ್ಬ ಹೆಣ್ಣುಮಗಳು ಕಟ್ಟಿಗೆಯ ಪೆಟ್ಟಿಗೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಪೆಟ್ಟಿಗೆಯ ತುಂಬ ಗಾಜಿನ ಬಾಟಲಿಗಳು. ಬಾಟಲಿಯ ಬಾಯಿಗೆ ಅರಳೆಯ ಬಿರಡೆ, ತಳದಲ್ಲಿ ಕಂದು ಬಣ್ಣದ ಗಟ್ಟಿ ಅಂಬಲಿ, ಅದರ ಮೇಲೆ ಬಾಳೆಹಣ್ಣಿನ ಸುತ್ತ ಹಾರುವಂಥ ಸಣ್ಣ ನೊಣಗಳು.

"ಜೀವ ಇದ್ದ ಸಾಮಾನಿಗೆ ಲಗೇಜ್ ಆಗತೈತ್ರಿ ಬಾಯಾರ. ಕೋಳಿಗೂ ತಗೋತೇವಿ" ಎಂದ ಕಂಡಕ್ಟರ್.

"ಹಂಗಾರ ಎಣಿಸಿ ಕೊಡ್ರಿ" ಎಂದರು ಆಕೆ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ.

ಬಸ್ಸಿಗೆ ಬಸ್ಸೇ ನಕ್ಕಿತು. ಆ ಕಂಡಕ್ಟರ್ ತೌಹೀದ ಮರುವರ್ಷ ಆಕೆಯನ್ನೇ ನಿಕಾಹ್ ಆದ. ಲಗೇಜ್ ಕೇಳಿದ ತಪ್ಪಿಗೆ ಮುಂದೆ ಜನ್ಮವಿಡೀ ಆ ಲಗೇಜನ್ನು ಅವನೇ ಹೊತ್ತ. ಆಕೆ ಜೈಬುನ್ನಿಸಾ, ಪಿಯು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಲೆಕ್ಚರರ್. ನಾನು ವಿರೂಪಾಕ್ಷ, ಅದೇ ಕಾಲೇಜಿಗೆ ಅದೇ ಆದೇಶದಲ್ಲಿ ವರ್ಗವಾದ ಕನ್ನಡದ ಮಾಸ್ತರ. ಸಿಟ್ಟು ಮೂಗಿನ ತುದಿಯಲ್ಲೇ ಇಟ್ಟುಕೊಂಡವನು ಎಂದು ನನಗೆ ಹೆಸರಿದೆ. ಇರಲಿ, ಅದನ್ನು ಕಳೆದುಕೊಳ್ಳುವ ಆಸೆ ಈ ವಯಸ್ಸಿನಲ್ಲಿ ನನಗಿಲ್ಲ.

ಸವದತ್ತಿಯಲ್ಲಿ ಸ್ಟಾಫ್ ರೂಮಿಗೂ ಪ್ರಯೋಗಾಲಯಕ್ಕೂ ನಡುವೆ ಒಂದೇ ಗೋಡೆ. ವಾರಕ್ಕೊಮ್ಮೆ ಆ ಗೋಡೆಯ ಆಚೆಯಿಂದ ಗೋವಿನಜೋಳದ ಹಿಟ್ಟು, ಬೆಲ್ಲ, ಈಸ್ಟು ಕೂಡಿ ಕುದಿಯುವ ವಾಸನೆ ಬರುತ್ತಿತ್ತು. ಹಸಿದ ಹೊತ್ತಿನಲ್ಲಿ ಅದು ಹಬ್ಬದ ಅಡುಗೆಯಂತೆಯೂ ಉಂಡ ಮೇಲೆ ಹಳಸಿದ ಅಂಬಲಿಯಂತೆಯೂ ನಾರುತ್ತಿತ್ತು. ಸರಕಾರದ ನೌಕರರು ನೊಣ ಹೊಡೆಯುತ್ತ ಕೂರುತ್ತಾರೆಂದು ಜನ ಆಡಿಕೊಳ್ಳುತ್ತಾರೆ. ನಮ್ಮಲ್ಲಿ ಒಬ್ಬರು ನೊಣಕ್ಕೆ ಅಡುಗೆ ಮಾಡಿ ಬಡಿಸುತ್ತಿದ್ದಾರಲ್ಲ ಎಂದು ನಾನು ದಿನಾ ಗೊಣಗುತ್ತಿದ್ದೆ. ಒಂದು ದಿನ ಅವರಿಗೆ ಸಾಕಾಯಿತೆಂದು ಕಾಣುತ್ತದೆ, ನನ್ನನ್ನು ಕರೆದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು.

"ಬರೇ ಬೈಬ್ಯಾಡ್ರಿ ಸರ. ಒಂದ ಸಲ ನೋಡಿ ಬೈರಿ."

ನೋಡಿದೆ. ನೊಣದ ಒಂದು ರೆಕ್ಕೆ. ಬರಿಗಣ್ಣಿಗೆ ನುಣ್ಣಗಿದ್ದದ್ದು ಅಲ್ಲಿ ರೋಮಗಳಿಂದ ತುಂಬಿತ್ತು. ಎಷ್ಟು ಸಾವಿರವೋ. ಅಷ್ಟೂ ರೋಮಗಳು ಒಂದೇ ಕಡೆಗೆ, ರೆಕ್ಕೆಯ ತುದಿಯ ಕಡೆಗೆ, ಬಾಚಿ ಕೂರಿಸಿದ ಹಾಗೆ ಮಲಗಿದ್ದವು.

"ಜೋಳದ ಹೊಲಕ್ಕ ಗಾಳಿ ಹೊಡದಂಗ ಐತಲ್ರಿ" ಎಂದೆ.

"ಗಾಳಿ ಇದ್ರ ಮಾತ ಮುಗೀತಿತ್ತು. ಇಲ್ಲೆ ಗಾಳಿ ಇಲ್ರಿ ಸರ. ಒಂದೊಂದು ಕೂದ್ಲಿಗೆ ಒಂದೊಂದು ಸೆಲ್ಲು. ಆ ಸೆಲ್ಲಿಗೆ ಕಣ್ಣಿಲ್ಲ, ಕಿವಿ ಇಲ್ಲ, ರೆಕ್ಕಿ ತುದಿ ಎಲ್ಲೈತಿ ಅಂತ ತಾನ ಹೋಗಿ ನೋಡಿ ಬರಾಂಗಿಲ್ಲ. ಬಾಜೂದವರನ್ನ ಬಿಟ್ರ ಅದಕ್ಕ ಯಾರೂ ಗೊತ್ತಿಲ್ಲ. ಹಂಗಾರ ಎಲ್ಲಾರೂ ಒಂದ ಕಡೆ ಹೆಂಗ ಮಕಾ ಮಾಡಿದ್ರು?"

"ಹೆಂಗ?"

"ಬಾಜೂದವರನ್ನ ಕೇಳಿ."

ಅವರು ವಿವರಿಸಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಪ್ರತಿ ಜೀವಕೋಶದ ಒಂದು ಪಕ್ಕಕ್ಕೆ ಒಂದು ಬಗೆಯ ಪ್ರೋಟೀನು ಬಂದು ಸೇರುತ್ತದೆ, ಎದುರು ಪಕ್ಕಕ್ಕೆ ಇನ್ನೊಂದು ಬಗೆಯದು. ಒಂದರ ಮುಂದಿನ ಪಕ್ಕ ಅದರಾಚೆಯ ಕೋಶದ ಹಿಂದಿನ ಪಕ್ಕವನ್ನು ಗೋಡೆಗೆ ಗೋಡೆ ಹಚ್ಚಿ ಹಿಡಿದುಕೊಳ್ಳುತ್ತದೆ. ಹೀಗೆ ಒಬ್ಬರಿಂದ ಒಬ್ಬರಿಗೆ, ಕೇರಿಯ ಈ ತುದಿಯಿಂದ ಆ ತುದಿಗೆ, ದಿಕ್ಕು ಸಾಗುತ್ತದೆ. ಮೊದಲನೆಯವರಿಗೆ ಯಾರು ಹೇಳಿದರು ಎಂದು ಕೇಳಿದರೆ, "ಅದರ ಮ್ಯಾಲ ದೊಡ್ಡ ದೊಡ್ಡವರು ಇನ್ನೂ ಜಗಳಾಡಾಕ ಹತ್ಯಾರ್ರಿ. ಒಬ್ಬರು ರೆಕ್ಕಿ ಬುಡ ಜಗ್ಗತೈತಿ, ಅದರ ಸೆಳಿತದಿಂದ ಅಂತಾರ, ಇನ್ನೊಬ್ರು ಅಲ್ಲ ಅಂತಾರ" ಎಂದು ನಕ್ಕರು.

ಇಷ್ಟೆಲ್ಲ ಮರುಳು ಎಲ್ಲಿಂದ ಹತ್ತಿತು ಎಂದು ಕೇಳಿದೆ. ಅವರ ಅಪ್ಪ ಬಾಬಾಜಾನ ಕಿತ್ತೂರಿನಲ್ಲಿ ಹೆದ್ದಾರಿಯ ಬದಿಗೆ ಹೊಲಿಗೆಯ ಅಂಗಡಿ ಇಟ್ಟಿದ್ದವರು. ಮದುವೆ ಮನೆಯವರು ಮಖಮಲ್ ತಂದುಕೊಟ್ಟರೆ ಕತ್ತರಿ ಹಾಕುವ ಮೊದಲು ಮಗಳ ಕೈಯನ್ನು ಆ ಬಟ್ಟೆಯ ಮೇಲೆ ಆಡಿಸುತ್ತಿದ್ದರಂತೆ. ಹೀಗೆ ಸವರಿದರೆ ಹೊಳಪು, ತಿರುಗಿಸಿ ಸವರಿದರೆ ಕಪ್ಪು. ಒಂದು ತೋಳನ್ನು ಉಲ್ಟಾ ಕತ್ತರಿಸಿದರೆ ಇಡೀ ಅಂಗಿ ಎರಡು ಬಣ್ಣದ್ದಾಗಿ ಕಾಣುತ್ತದೆ. ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ ಮೊದಲ ಸಲ ನೊಣದ ರೆಕ್ಕೆ ಕಂಡ ಹುಡುಗಿ, ಇದು ಮಖಮಲ್ಲೇ, ಆದರೆ ನೇಕಾರನಿಲ್ಲ, ಎಂದುಕೊಂಡು ಆ ಮಧ್ಯಾಹ್ನ ಊಟಕ್ಕೆ ಹೋಗುವುದನ್ನೇ ಮರೆತಳಂತೆ. ಹಾಸ್ಟೆಲ್ ಊಟ ಮರೆಯುವುದು ದೊಡ್ಡ ಮಾತಲ್ಲ ಎಂದು ನಾನೆಂದೆ. ಅವರು ಕೇಳಿಸಿಕೊಳ್ಳಲಿಲ್ಲ.

ಆ ಬಾಬಾಜಾನರ ಇನ್ನೊಂದು ಮಾತೇ ಈ ಕಥೆಯ ಮುಳ್ಳು. ಯಾರದೋ ಹೊಲದ ವ್ಯಾಜ್ಯದಲ್ಲಿ ಅವರನ್ನು ಕೋರ್ಟಿಗೆ ಸಾಕ್ಷಿ ಕರೆದರಂತೆ. ಊರಿಗೆಲ್ಲ ಗೊತ್ತಿದ್ದ ನಿಜವನ್ನೇ ಹೇಳಬೇಕಿತ್ತು. ಇವರು ಮಾತ್ರ, "ಮಂದಿ ಹೇಳಿದ್ದ ಕೇಳೇನ್ರಿ, ನಾ ನೋಡಿಲ್ಲ" ಎಂದು ಹೇಳಿ ಕೆಳಗಿಳಿದು ಬಂದರು. ಮನೆಗೆ ಬಂದು ಮಗಳಿಗೆ ಹೇಳಿದ್ದು, ನೋಡದ್ದಕ್ಕೆ ಸಾಕ್ಷಿ ನುಡಿಯಬೇಡ, ಅದು ನಿಜವೇ ಆಗಿದ್ದರೂ ನಿನ್ನ ಬಾಯಲ್ಲಿ ಸುಳ್ಳಾಗುತ್ತದೆ. ಈ ಮಾತನ್ನು ಅಂಥ ಮಗಳಿಗೆ ಹೇಳಬಾರದಾಗಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಯಾಕೆಂದರೆ ಜೈಬುನ್ನಿಸಾ ಮೇಡಂ ಪಾಠ ಮಾಡುತ್ತಿದ್ದ ರೀತಿಯೇ ಬೇರೆ. ಮಕ್ಕಳನ್ನೆಲ್ಲ ಮೈದಾನಕ್ಕೆ ಕರೆದುಕೊಂಡು ಹೋಗುತ್ತಿದ್ದರು. "ಹೆಂಗ ಬೇಕಾದ್ರ ಹಂಗ ನಿಂದರ್ರಿ. ತಲಿ ಕೆಳಗ ಮಾಡ್ರಿ. ಬಾಜೂದವರ ಪಾದ ನೋಡ್ರಿ. ಅವು ಯಾವ ಕಡೆ ಅದಾವೋ ಆ ಕಡೆ ಒಂದೀಟ ತಿರುಗ್ರಿ. ಮತ್ತ ನೋಡ್ರಿ, ಮತ್ತ ತಿರುಗ್ರಿ." ಮೊದಲು ಗದ್ದಲ, ನಗೆ, ತುಳಿದಾಟ. ಆಮೇಲೆ ಸ್ವಲ್ಪ ಸ್ವಲ್ಪವೇ ಒಂದು ಮೂಲೆ ತಿರುಗಿ, ಆ ಮೂಲೆಯನ್ನು ನೋಡಿ ಪಕ್ಕದವರು ತಿರುಗಿ, ಕೊನೆಗೆ ಮೈದಾನಕ್ಕೆ ಮೈದಾನವೇ ಒಂದು ಕಡೆ ಮುಖ ಮಾಡಿ ನಿಲ್ಲುತ್ತಿತ್ತು. ಡ್ರಿಲ್ ಮಾಸ್ತರ ಅಮೋಘಸಿದ್ದಪ್ಪ ಸೀಟಿಯನ್ನು ಕೈಯಲ್ಲಿ ಹಿಡಿದುಕೊಂಡು ನೋಡುತ್ತಲೇ ನಿಂತುಬಿಟ್ಟಿದ್ದ. "ನಾ ಊದಿ ಊದಿ ಗಂಟಲ ಹರಕೊಂಡ್ರೂ ತಿರಗಂಗಿಲ್ಲ ಈ ಹುಡುಗ್ರು. ಇವರು ಸೀಟಿ ಇಲ್ದ ತಿರುಗಿಸ್ಯಾರಲ್ರಿ" ಎಂದು ನನ್ನೆದುರು ಹೊಟ್ಟೆ ಉರಿದುಕೊಂಡ.

ಎರಡನೇ ಆಟ ಇನ್ನೂ ಚೆಂದ. ಗುಂಪಿನ ನಡುವೆ ಕೆಲವರ ಕಿವಿಯಲ್ಲಿ "ನೀವು ಯಾರನ್ನೂ ನೋಡಬ್ಯಾಡ್ರಿ, ನಿಮ್ಮಷ್ಟಕ್ಕ ನಿಂದರ್ರಿ" ಎಂದು ಹೇಳಿಬಿಡುತ್ತಿದ್ದರು. ಊರಿಗೊಂದು ದಾರಿ, ಎಡವಟ್ಟನಿಗೊಂದು ದಾರಿ. ಆದರೆ ಸೊಟ್ಟಗೆ ನಿಲ್ಲುತ್ತಿದ್ದವರು ಅವರಷ್ಟೇ ಅಲ್ಲ. ಏನೂ ಹೇಳಿಸಿಕೊಳ್ಳದ, ಪಾಪ, ಅವರ ಪಕ್ಕದಲ್ಲಿ ನಿಂತ ಒಳ್ಳೆಯ ಮಕ್ಕಳೂ ಸೊಟ್ಟ. ನೊಣದಲ್ಲೂ ಹಾಗೆಯೇ ಅಂತೆ. ಒಂದು ತೇಪೆಯಷ್ಟು ಕೋಶಗಳು ಕೆಟ್ಟರೆ ಅದರಾಚೆಯ ಗಟ್ಟಿಮುಟ್ಟಾದ ಕೋಶಗಳೂ ರೋಮವನ್ನು ಅಡ್ಡ ತಿರುಗಿಸುತ್ತವಂತೆ. ಹಿರಿಯಕ್ಕನ ಚಾಳಿ ಮನೆಮಂದಿಗೆಲ್ಲ ಎಂದು ನಾನು ಕಿಟಕಿಯಿಂದಲೇ ಕೂಗಿ ಹೇಳಿದೆ. ಮಕ್ಕಳು ನಕ್ಕರು, ಅವರೂ ನಕ್ಕರು. ಆ ಮೈದಾನ, ಆ ಬಿಸಿಲು, ಮಲಪ್ರಭೆಯ ಕಡೆಯಿಂದ ಬೀಸುತ್ತಿದ್ದ ಆ ಗಾಳಿ ನನಗೆ ಈಗಲೂ ಬೇಕು ಎನಿಸುತ್ತದೆ.

ಆಟ ಮುಗಿದ ಮೇಲೆ, ಮಕ್ಕಳು ಚಪ್ಪಾಳೆ ತಟ್ಟುವ ಹೊತ್ತಿಗೆ ಸರಿಯಾಗಿ, ಮೇಡಂ ಎಲ್ಲದಕ್ಕೂ ನೀರು ಹೊಯ್ಯುತ್ತಿದ್ದರು.

"ಇದು ಪುಸ್ತಕದಾಗ ಓದಿದ್ದು. ನಾ ಕಣ್ಣಾರೆ ನೋಡಿಲ್ಲ."

ಬೆಳೆದ ನೊಣದ ರೆಕ್ಕೆಯನ್ನು ಯಾವ ಶಾಲೆಯ ಸೂಕ್ಷ್ಮದರ್ಶಕವೂ ತೋರಿಸುತ್ತದೆ. ಅವರು ನೋಡಿರದಿದ್ದದ್ದು ಆ ಕ್ಷಣ. ಹುಳು ತನ್ನ ಸುತ್ತ ಗೂಡು ಕಟ್ಟಿಕೊಂಡು ಒಳಗೆ ನೊಣವಾಗುತ್ತಿರುವಾಗ, ಯಾವುದೋ ಒಂದು ಹೊತ್ತಿನಲ್ಲಿ, ರೆಕ್ಕೆಯ ಕೋಶಗಳೆಲ್ಲ ರೋಮ ಬಿಡುತ್ತವೆ. ಆ ರೋಮ ಕೋಶದ ನಟ್ಟನಡುವೆ ಎದ್ದು ಆಮೇಲೆ ಒಂದು ಕಡೆ ಬಾಗಿದರೆ, ಕೋಶಕ್ಕೆ ಮೊದಲು ದಿಕ್ಕು ಗೊತ್ತಿರಲಿಲ್ಲ ಎಂದಾಯಿತು. ರೆಕ್ಕೆಯ ತುದಿಯ ಕಡೆಗಿರುವ ಮೂಲೆಯಲ್ಲೇ ಅದು ಏಳುವುದಾದರೆ, ಕೋಶಗಳು ಮೊದಲೇ ಒಂದನ್ನೊಂದು ಕೇಳಿ ದಿಕ್ಕು ಹಿಡಿದು ಕೂತಿದ್ದವು ಎಂದಾಯಿತು. ಮೇಡಂ ಮೂವತ್ತು ವರ್ಷ ಹೇಳಿಕೊಟ್ಟದ್ದೆಲ್ಲ ಆ ಮೂಲೆಯ ಮೇಲೆ ನಿಂತಿತ್ತು. ಇದನ್ನೆಲ್ಲ ನಾನು ತಿಳಿದುಕೊಂಡದ್ದು ಬಹಳ ಆಮೇಲೆ. ಆಗ ನನಗೆ ನಡುವೂ ಗೊತ್ತಿರಲಿಲ್ಲ, ಮೂಲೆಯೂ ಗೊತ್ತಿರಲಿಲ್ಲ, ಕೇಳುವ ವ್ಯವಧಾನವೂ ಇರಲಿಲ್ಲ. ಅವರು ಏನನ್ನೋ ನೋಡಬೇಕೆಂದು ಹಪಹಪಿಸುತ್ತಾರೆ ಎಂದಷ್ಟೇ ಗೊತ್ತಿತ್ತು. ಅದಕ್ಕೆ ಬೇಕಾದ ಸೂಕ್ಷ್ಮದರ್ಶಕ ನಮ್ಮಂಥ ಕಾಲೇಜುಗಳ ಹಣೆಯಲ್ಲಿ ಬರೆದಿರಲಿಲ್ಲ.

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರ. ನೀವು ಪ್ರತ್ಯಕ್ಷನ ಕಂಡಿಲ್ಲ" ಎಂದು ನಾನು ಕೆಣಕುತ್ತಿದ್ದೆ. "ಲೋಕದ ವಿಜ್ಞಾನಿಗಳೆಲ್ಲ ನೋಡ್ಯಾರಲ್ಲ, ಅಷ್ಟ ಸಾಲಂಗಿಲ್ಲೇನ್ರಿ?"

"ಅವರು ನೋಡ್ಯಾರ್ರಿ. ಆದ್ರ ಈ ಹುಡುಗರ ಮುಂದ ಸಾಕ್ಷಿ ಹೇಳಾಕ ಹತ್ತಿದಾಕಿ ನಾನಲ್ಲೇನ್ರಿ?"

ಹೀಗೇ ವರ್ಷಗಳು ಹೋದವು. ಅವರಿಗೆ ರಾಮದುರ್ಗಕ್ಕೆ ವರ್ಗವಾಯಿತು, ಬಾಟಲಿಗಳೂ ಹೋದವು. ಅಲ್ಲಿನ ಬೇಸಿಗೆಗೆ ಮನುಷ್ಯರೇ ಬಾಡುತ್ತಾರೆ, ನೊಣ ಯಾವ ಲೆಕ್ಕ. ತೌಹೀದ ಡ್ಯೂಟಿ ಮುಗಿಸಿ ಬಂದು ಕಿಟಕಿಗೆ ಕಟ್ಟಿದ ಗೋಣಿತಟ್ಟಿಗೆ ನೀರು ಚಿಮುಕಿಸುತ್ತಿದ್ದನಂತೆ. "ನನಗ ಬೀಸಣಿಗಿ ಇಲ್ಲ, ನೊಣಕ್ಕ ಏಸಿ" ಎಂದು ಎಲ್ಲರೆದುರು ದೂರುವುದು, ಯಾರೂ ಇಲ್ಲದಾಗ ಬೆಲ್ಲ ಕುಟ್ಟಿ ಕೊಡುವುದು, ಇದು ಅವನ ಸಂಸಾರ. ಕೊನೆಗೆ ಅವರೂ ನಾನೂ ಬೈಲಹೊಂಗಲದಲ್ಲಿ ಮತ್ತೆ ಒಂದೇ ಕಾಲೇಜಿಗೆ ಬಂದು, ಅಲ್ಲೇ ನಿವೃತ್ತರಾಗಿ, ಅಲ್ಲೇ ಮನೆ ಮಾಡಿದೆವು. ನೊಣಗಳು ಅವರ ಅಡುಗೆಮನೆಯ ಕಪಾಟಿಗೆ ಬಂದವು.

ಸಕ್ಕರೆ ಬೇನೆ ಅವರ ಎಡಗಣ್ಣನ್ನು ತಿಂದದ್ದು ಹೋದ ವರ್ಷ. ಈ ಬೇಸಿಗೆಗೆ ಬಲಗಣ್ಣಿನ ಸರದಿ ಬಂತು. ಹುಬ್ಬಳ್ಳಿಯ ಡಾಕ್ಟರು ಸೋಮವಾರ ಆಪರೇಶನ್ ಎಂದರು, ಕಣ್ಣು ಉಳಿಯುತ್ತದೆಯೇ ಎಂದು ಕೇಳಿದ್ದಕ್ಕೆ ನೋಡೋಣ ಎಂದರು. ಡಾಕ್ಟರು ನೋಡೋಣ ಎಂದರೆ ಏನರ್ಥ ಎಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಅಂದೇ ಸಂಜೆ ಮೇಡಂ ಸಪ್ನಾಳಿಗೆ ಫೋನು ಹಚ್ಚಿದರು. ಸಪ್ನಾ ಮುನವಳ್ಳಿಯ ಹುಡುಗಿ, ಸವದತ್ತಿಯ ಆ ಮೈದಾನದಲ್ಲಿ ತಲೆ ಕೆಳಗೆ ಹಾಕಿ ನಿಂತವಳು. ಈಗ ಧಾರವಾಡದ ಒಂದು ಸಂಶೋಧನಾ ಕೇಂದ್ರದಲ್ಲಿ ದೊಡ್ಡ ಸೂಕ್ಷ್ಮದರ್ಶಕವನ್ನು ನಡೆಸುವ ಕೆಲಸ. ಅಲ್ಲಿ ಹತ್ತಿಯ ಕಾಯಿಕೊರಕದ ಮೇಲೆ ಸಂಶೋಧನೆ ನಡೆಯುತ್ತದೆಯೇ ಹೊರತು ನೊಣ ಯಾರೂ ಸಾಕುವುದಿಲ್ಲ.

"ಶನಿವಾರ ಮಷೀನ್ ಖಾಲಿ ಇರತೈತ್ರಿ ಮೇಡಮ್. ನಿಮ್ಮ ನೊಣ ತಗೊಂಡು ಬಂದಬಿಡ್ರಿ" ಎಂದಳು ಸಪ್ನಾ.

ಮರುದಿನ ತೌಹೀದ ನಮ್ಮ ಮನೆಗೆ ಬಂದ. ಕುಂತ್ಕೋ ಎಂದರೂ ಕೂರಲಿಲ್ಲ. "ನನಗ ಮೊಣಕಾಲು ಬಸ್ಸು ಹತ್ತಸೂದಿಲ್ರಿ ಸರ. ನೀವು ಹೋಗ್ರಿ ಅಕಿ ಜೋಡಿ. ಅದೊಂದು ನೋಡಿಬಿಡ್ಲಿ. ಆಮ್ಯಾಲ ಅಲ್ಲಾ ಇಟ್ಟಂಗ" ಎಂದ. ಇಷ್ಟು ವರ್ಷ ಬಸ್ಸಿನಲ್ಲಿ ಇಡೀ ಊರನ್ನು ಗದರಿಸಿದ ಮನುಷ್ಯನ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿರಲಿಲ್ಲ.

ಗೂಡು ಕಟ್ಟಿದ ಹುಳುಗಳನ್ನು ಶುಕ್ರವಾರ ನಸುಕಿಗೆ, ಗೂಡು ಇನ್ನೂ ಬೆಳ್ಳಗಿರುವಾಗಲೇ ಆರಿಸಿಟ್ಟರೆ ಶನಿವಾರ ಮಧ್ಯಾಹ್ನ ರೋಮ ಏಳುವ ಹೊತ್ತು. ಅದು ಪುಸ್ತಕದ ಲೆಕ್ಕ, ಹದವಾದ ಹವೆಗೆ. ಮೇ ತಿಂಗಳ ಬೈಲಹೊಂಗಲದಲ್ಲಿ ಹದವಾದ ಹವೆ ಎಲ್ಲಿಂದ ತರುವುದು? ಮೇಡಂ ನಮ್ಮ ಕಡೆಯ ಹೆಂಗಸರೆಲ್ಲ ಮಾಡುವುದನ್ನೇ ಮಾಡಿದರು. ನಮ್ಮಲ್ಲಿ ನೀರಿನ ರಂಜಣಗಿಯನ್ನು ಹಸಿ ಉಸುಕಿನ ಮೇಲೆ ಕೂರಿಸುತ್ತಾರೆ. ಆ ಉಸುಕಿನಲ್ಲೇ ವೀಳ್ಯದೆಲೆ, ಮಲ್ಲಿಗೆ, ಮೊಸರಿನ ಗಡಿಗೆ ಎಲ್ಲವೂ ಬೇಸಿಗೆ ಕಳೆಯುತ್ತವೆ. ಮೇಡಂ ನೊಣದ ಗೂಡುಗಳ ಡಬ್ಬಿಯನ್ನೂ ಅಲ್ಲಿಯೇ ಹೂತಿಟ್ಟರು. ಶನಿವಾರ ಹೊರಡುವಾಗ ಎಲೆ ಕಟ್ಟಿದ ಹಾಗೆ ಒದ್ದೆ ಬಟ್ಟೆ ಸುತ್ತಿ ಚೀಲದಲ್ಲಿಟ್ಟುಕೊಂಡರು.

ಬಸ್ಸು ದೊಡವಾಡದ ಮೇಲೆ ಹಾಯ್ದು ಹೊರಟಿತು. ಎರಡೂ ಕಡೆ ಮಳೆಗೆ ಕಾದು ಕೂತ ಕರಿ ಹೊಲಗಳು. ಮೇಡಂ ಕಿಟಕಿಯ ಪಕ್ಕ ಕೂತು ಎಲ್ಲವನ್ನೂ ನೋಡುತ್ತಿದ್ದರು. ಎಮ್ಮೆ, ಹೊಲದ ಬದುವು, ಬಾಗಿಲಲ್ಲಿ ಕೂತ ಮುದುಕಿ, ಅಂಗಡಿಯ ಬೋರ್ಡು. "ಸರ, ಆ ಬೋರ್ಡ್ ಮ್ಯಾಲ ಏನ ಬರದಾರ?" ಎಂದು ಎರಡು ಸಲ ಕೇಳಿದರು. ಅವರು ಕಣ್ಣಿಗೆ ಬುತ್ತಿ ಕಟ್ಟಿಕೊಳ್ಳುತ್ತಿದ್ದಾರೆಂದು ನನಗೆ ತಿಳಿಯಿತು. ನಾನು ಸುಮ್ಮನಿದ್ದರೆ ಅತ್ತುಬಿಡುತ್ತೇನೆಂದು ರಸ್ತೆಯ ಗುಂಡಿಗಳಿಗೆ, ಸರಕಾರಕ್ಕೆ, ಡ್ರೈವರನಿಗೆ ಸೇರಿಸಿ ಬೈಯುತ್ತ ಕೂತೆ.

ಸಪ್ನಾ ಬಾಗಿಲಿಗೇ ಬಂದು ಮೇಡಂ ಕಾಲಿಗೆ ನಮಸ್ಕಾರ ಮಾಡಿದಳು. ಒಳಗೆ ತಣ್ಣಗಿನ ಕತ್ತಲೆ ಕೋಣೆ, ದೊಡ್ಡ ಯಂತ್ರ, ಪಕ್ಕದಲ್ಲಿ ಟಿವಿಯಂಥ ಪರದೆ. ಒಂದು ಗೂಡನ್ನು ಬಿಡಿಸಿ, ಒಳಗಿನ ಎಳೆಯ ರೆಕ್ಕೆಯನ್ನು ತೆಗೆದು, ಬಣ್ಣ ಕುಡಿಸಿ, ಗಾಜಿನ ಮೇಲಿಡುವ ಹೊತ್ತಿಗೆ ನನಗೆ ಎರಡು ಸಲ ಚಹಾದ ನೆನಪಾಗಿತ್ತು. ಪರದೆ ಹಸಿರಾಯಿತು. ಸಪ್ನಾ ಹುಬ್ಬು ಗಂಟಿಕ್ಕಿದಳು.

"ಏನೂ ಇಲ್ರಿ ಮೇಡಮ್. ಕೂದ್ಲು ಇನ್ನೂ ಎದ್ದ ಇಲ್ಲ. ಗೂಡು ಎಲ್ಲಿ ಇಟ್ಟಿದ್ರಿ?"

"ರಂಜಣಗಿ ಬುಡಕ."

ಸಪ್ನಾ ಬಾಯಿ ಮುಚ್ಚಿಕೊಂಡು ನಕ್ಕಳು. "ನಮ್ಮವ್ವ ಎಲಿ ಇಡತಾಳಲ್ರಿ ಹಂಗ! ಆ ಉಸುಕು ಭಾಳ ತಂಪ ಆಗಿರತೈತಿ. ತಂಪಿನ್ಯಾಗ ಇವು ಸಾವಕಾಶ ಬೆಳಿತಾವ."

ಮೂವತ್ತು ವರ್ಷ ನೊಣ ಸಾಕಿದವರು ಬಿಸಿಲಿಗೆ ಹೆದರಿ ತಂಪನ್ನು ಮರೆತಿದ್ದರು. "ಯಾ ಅಲ್ಲಾ, ಎಂಥಾ ಹುಚ್ಚಿ ನಾ" ಎಂದು ಹಣೆ ಬಡಿದುಕೊಂಡರು. ಕಾಯುವುದನ್ನು ಬಿಟ್ಟು ಬೇರೆ ದಾರಿಯಿರಲಿಲ್ಲ. ಡಬ್ಬಿಯನ್ನು ಹದವಾದ ಪೆಟ್ಟಿಗೆಯಲ್ಲಿಟ್ಟು, ಆಗಾಗ ಒಂದೊಂದೇ ಗೂಡು ಬಿಡಿಸಿ ನೋಡುವುದು ಎಂದಾಯಿತು. ಎರಡನೆಯದರಲ್ಲೂ ಏನಿಲ್ಲ. ನಡುವೆ ನಾವು ಮೂವರೂ ಹೊರಗಿನ ಕಟ್ಟೆಯ ಮೇಲೆ ಕೂತು ಮೇಡಂ ತಂದಿದ್ದ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಸವದತ್ತಿಯ ಮಾತು ಬಂತು. ಎಡವಟ್ಟರ ಗುಂಪಿನಲ್ಲಿ ಮೇಡಂ ತನ್ನನ್ನೇ ಯಾಕೆ ನಿಲ್ಲಿಸುತ್ತಿದ್ದರು ಎಂದು ಸಪ್ನಾ ಇಷ್ಟು ವರ್ಷದ ಮೇಲೆ ಜಗಳ ತೆಗೆದಳು. "ನೀ ಹೆಂಗೂ ಯಾರ ಮಾತೂ ಕೇಳಾಕಿ ಅಲ್ಲಲ್ಲ" ಎಂದರು ಮೇಡಂ. ಎಷ್ಟು ನಕ್ಕೆವೆಂದರೆ ಕಾವಲುಗಾರ ಬಂದು ನೋಡಿ ಹೋದ. ನಿವೃತ್ತಿಯಾದ ಮೇಲೆ ನಾನು ಅಷ್ಟು ನಕ್ಕದ್ದು ಅದೇ ಮೊದಲು.

ಹೊತ್ತು ಇಳಿಯತೊಡಗಿತ್ತು. ಸಪ್ನಾ ಒಳಗೆ ಹೋಗಿ ಕೊನೆಯ ಗೂಡುಗಳಲ್ಲಿ ಒಂದನ್ನು ಬಿಡಿಸುತ್ತಿದ್ದಳು. ಮೇಡಂ ಚಹಾದ ಕಪ್ಪಿಗೆ ಕೈ ಚಾಚಿದರು. ಕೈ ಕಪ್ಪಿನ ಆಚೆಗೆ ಹೋಗಿ ಕಟ್ಟೆಯ ಕಲ್ಲನ್ನು ಮುಟ್ಟಿತು. ಮತ್ತೊಮ್ಮೆ ಚಾಚಿದರು. ನಾನೇ ಕಪ್ಪನ್ನು ಎತ್ತಿ ಅವರ ಕೈಗೆ ಕೊಟ್ಟೆ.

"ಯಾವಾಗಿಂದ?" ಎಂದೆ.

"ಈಗ, ನಗೂ ಹೊತ್ನ್ಯಾಗ. ಮೊದಲ ಕರೀ ದಾರ ಹರದಾಡಿದಂಗ ಆತ್ರಿ. ಆಮ್ಯಾಲ ಮಸಿ ಚೆಲ್ಲಿದಂಗ ತುಂಬಿಬಿಡ್ತು. ಬೆಳಕ ಐತಿ ಅನ್ನೋದಷ್ಟ ತಿಳೀತೈತಿ." ಸ್ವಲ್ಪ ತಡೆದು, "ಸಪ್ನಾಗ ಹೇಳಬ್ಯಾಡ್ರಿ. ಕೆಲಸ ಬಿಟ್ಟು ಅಳಕೋತ ಕುಂದರತಾಳ" ಎಂದರು.

ನನಗೆ ಎಂಥ ಸಿಟ್ಟು ಬಂತೆಂದರೆ, ಯಾರ ಮೇಲೆ ಎಂದು ತಿಳಿಯದೆ ಕಟ್ಟೆಯ ಕಲ್ಲಿಗೆ ಗುದ್ದಿ ಕೈ ನೋಯಿಸಿಕೊಂಡೆ. ಎರಡು ದಿನ ತಡೆಯಬಾರದಿತ್ತೇ ಆ ಕಣ್ಣು? ಎರಡು ತಾಸು? ಹುಬ್ಬಳ್ಳಿಯ ಡಾಕ್ಟರಿಗೆ ಫೋನು ಮಾಡಿದೆ. ಒಳಗೆ ರಕ್ತ ಸುರಿದಿರಬೇಕು, ತಲೆ ಎತ್ತರಕ್ಕಿಟ್ಟು ಕೂರಿಸಿ, ನಾಳೆ ಬೆಳಿಗ್ಗೆಯೇ ಕರೆತನ್ನಿ ಎಂದರು. ಇಷ್ಟರಲ್ಲಿ ಒಳಗಿನಿಂದ ಸಪ್ನಾಳ ಕೂಗು ಬಂತು.

"ಮೇಡಮ್, ಲಗೂನ ಬರ್ರಿ! ಎದ್ದಾವು!"

ಮೇಡಂ ನನ್ನ ರಟ್ಟೆ ಹಿಡಿದುಕೊಂಡು ಒಳಗೆ ಬಂದರು. ಸಪ್ನಾ ಕುರ್ಚಿ ಎಳೆದುಕೊಟ್ಟಳು. ಪರದೆ ಹೊಳೆಯುತ್ತಿತ್ತು, ಮೇಡಂ ಮುಖ ಮಾತ್ರ ಪರದೆಯ ಪಕ್ಕದ ಗೋಡೆಯ ಕಡೆಗಿತ್ತು. ಸಪ್ನಾ ನನ್ನನ್ನು ನೋಡಿದಳು. ನಾನು ತಲೆ ಅಲ್ಲಾಡಿಸಿದೆ. ಅವಳಿಗೆ ತಿಳಿಯಿತು, ಎರಡೂ ಕೈಯಿಂದ ಬಾಯಿ ಒತ್ತಿಕೊಂಡಳು.

"ಸಪ್ನಾ, ನೀ ಏನೂ ಹೇಳಬಾರದು. ಒಂದಕ್ಷರ ಆಡಬಾರದು" ಎಂದರು ಮೇಡಂ. "ನಿನಗ ಏನ ಕಾಣಬೇಕು ಅನ್ನೋದು ಮೊದಲ ಗೊತ್ತೈತಿ. ಸರಗ ಏನೂ ಗೊತ್ತಿಲ್ಲ. ಸರ, ಇಲ್ಲಿ ಬರ್ರಿ. ನೋಡ್ರಿ. ನೀವು ನೋಡಿದ್ದನ್ನ ಹೇಳ್ರಿ."

"ನನಗ ಏನ ತಿಳೀತೈತ್ರಿ ಇದರಾಗ?"

"ಅದಕ್ಕ ನೀವ ಬೇಕು."

ಕನ್ನಡಕ ಒರೆಸಿಕೊಂಡು ಹತ್ತಿರ ಹೋದೆ.

"ಜೇನಹುಟ್ಟಿನಂಗ ಐತ್ರಿ. ಸಣ್ಣ ಸಣ್ಣ ಮನಿ. ಗ್ವಾಡಿಗೆ ಗ್ವಾಡಿ ಹಚ್ಚಿ ಕಟ್ಟ್ಯಾರ."

"ಮನಿ ಒಳಗ?"

"ಕತ್ತಲಿ."

"ಪೂರಾ ಕತ್ತಲಿ?"

"ಇಲ್ರಿ. ಮುಳ್ಳಿನ ಮೊನಿಯಷ್ಟು ಬೆಳಕು ಐತಿ, ಒಂದೊಂದು ಮನ್ಯಾಗ ಒಂದೊಂದು."

ಮೇಡಂ ಕುರ್ಚಿಯ ಕೈಗಳನ್ನು ಹಿಡಿದುಕೊಂಡರು. "ಎಲ್ಲಿ ಐತಿ? ನಡುವ ಐತೇನ್ರಿ?"

ನಡುವೆ ಎಂದರೆ ಅವರಿಗೆ ಸಂತೋಷವೋ, ನಡುವೆ ಅಲ್ಲ ಎಂದರೆ ಸಂತೋಷವೋ, ನನಗೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಅವರಿಗೆ ಬೇಕಾದದ್ದನ್ನೇ ಹೇಳಿಬಿಡುತ್ತಿದ್ದೆ, ನನ್ನಾಣೆ. ಗೊತ್ತಿಲ್ಲದ್ದಕ್ಕೆ ಕಂಡದ್ದನ್ನೇ ಹೇಳಬೇಕಾಯಿತು.

"ನಡುವ ಇಲ್ರಿ. ಒಂದು ಮೂಲ್ಯಾಗ ಐತಿ. ಬಲಗಡೆ ಮೂಲ್ಯಾಗ."

"ಬಾಜೂ ಮನ್ಯಾಗ?"

"ಅದರಾಗೂ ಬಲಗಡೆ."

"ಅದರ ಆಚೀದು?"

"ಅದೂ ಬಲಕ್ಕ. ಕೆಲವು ಮನ್ಯಾಗ ಇನ್ನೂ ದೀಪ ಹಚ್ಚಿಲ್ಲ, ಕತ್ತಲೀನ ಐತಿ."

"ಎಡಕ್ಕ ಇದ್ದದ್ದು ಒಂದರ ಐತೇನ್ ಹುಡುಕ್ರಿ. ನನ್ನ ಖುಷಿಗೆ ಹೇಳಬ್ಯಾಡ್ರಿ ಸರ. ಸಾವಕಾಶ ಹುಡುಕ್ರಿ."

ಹುಡುಕಿದೆ. ಮೇಲಿನಿಂದ ಕೆಳಗೆ, ಒಂದೊಂದು ಮನೆಯ ಬಾಗಿಲಿಗೂ ಹೋಗಿ ಬಂದ ಹಾಗೆ ಹುಡುಕಿದೆ. ಅಷ್ಟು ಶ್ರದ್ಧೆಯಿಂದ ನಾನು ಯಾವ ವಿದ್ಯಾರ್ಥಿಯ ಉತ್ತರ ಪತ್ರಿಕೆಯನ್ನೂ ನೋಡಿರಲಿಲ್ಲ.

"ಇಲ್ರಿ. ಎಡಕ್ಕ ಒಂದೂ ಕಾಣವಲ್ದು. ಎದ್ದದ್ದೆಲ್ಲಾ ಬಲಗಡೆ ಮೂಲ್ಯಾಗಿಂದನ ಎದ್ದೈತಿ."

ಮೇಡಂ ಸಪ್ನಾ ನಿಂತಿದ್ದ ಕಡೆಗೆ ಮುಖ ತಿರುಗಿಸಿದರು.

"ಸಪ್ನಾ. ರೆಕ್ಕಿ ತುದಿ ಯಾವ ಕಡೆ ಐತಿ?"

ಸಪ್ನಾ ಗಾಜಿನ ಮೇಲೆ ರೆಕ್ಕೆ ಇಟ್ಟ ರೀತಿಯನ್ನು ಇನ್ನೊಮ್ಮೆ ನೋಡಿಕೊಂಡಳು.

"ಬಲಕ್ಕರಿ ಮೇಡಮ್."

ಜೈಬುನ್ನಿಸಾ ಮೇಡಂ ಸೆರಗಿನಿಂದ ಮುಖ ಒರೆಸಿಕೊಂಡು, "ಹಂಗಾರ ಹುಡುಗರಿಗೆ ನಾ ಸುಳ್ಳ ಹೇಳಿಲ್ಲ" ಎಂದರು. ನಾನು ಅತ್ತೆ. ಮುಚ್ಚಿಡುವುದೇನಿದೆ, ಹುಡುಗಿಯೊಬ್ಬಳ ಎದುರಿಗೇ ಗಟ್ಟಿಯಾಗಿ ಅತ್ತೆ. ಮರುದಿನದ ಆಸ್ಪತ್ರೆ, ಸೋಮವಾರದ ಆಪರೇಶನ್ ಯಾವುದೂ ಆ ಕಣ್ಣನ್ನು ಉಳಿಸಲಿಲ್ಲ ಎಂಬುದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಅದನ್ನು ಬೇರೆಯಾಗಿ ಬರೆಯುವ ಮನಸ್ಸು ನನಗಿಲ್ಲ. ಆ ಸಂಜೆ ನಮಗೆ ಅದು ಗೊತ್ತಿರಲಿಲ್ಲ. ಮೇಡಂ ಕೈ ಚಾಚಿ ನನ್ನ ತೋಳನ್ನು ಹುಡುಕಿ ಹಿಡಿದುಕೊಂಡರು.

"ಇನ್ನೊಮ್ಮೆ ಹೇಳ್ರಿ ಸರ. ಮೊದಲಿಂದ ಹೇಳ್ರಿ, ಗಡಿಬಿಡಿ ಮಾಡಬ್ಯಾಡ್ರಿ."

ನಾನು ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಂಡು ಮೊದಲ ಮನೆಯಿಂದ ಶುರು ಮಾಡಿದೆ.